ಕುತಂತ್ರಾಂಶ ನಿಗ್ರಹ ನೀತಿ: ಚೆನ್ನೈ ಮತ್ತು ಸ್ಕ್ರಿಪ್ಟ್ ಬಳಕೆಯ ಇತಿಹಾಸ

ಸಂಸ್ಥೆಯೊಂದರ ಕಂಪ್ಯೂಟರುಗಳಲ್ಲಿ ವೈರಸ್, ವರ್ಮ್, ಟ್ರೋಜನ್ ಮೊದಲಾದ ಕುತಂತ್ರಾಂಶಗಳನ್ನು ಎಷ್ಟು ಹೊತ್ತಿಗೆ ಹುಡುಕಬೇಕು, ಸಿಕ್ಕಿದ್ದನ್ನು ಅಳಿಸಬೇಕೋ ಬೇರ್ಪಡಿಸಿ ಇಡಬೇಕೋ, ಯಾವ ಕಡತಗಳನ್ನು ತಪಾಸಣೆಯಿಂದ ಹೊರಗಿಡಬೇಕು ಎಂಬುದನ್ನೆಲ್ಲ ಕೇಂದ್ರ ಸರ್ವರಿನಿಂದ ಗೊತ್ತುಪಡಿಸುವ ನಿಯಮಾವಳಿಯನ್ನು ಕುತಂತ್ರಾಂಶ ನಿಗ್ರಹ ನೀತಿ ಎನ್ನುತ್ತಾರೆ. ಪರದೆಯ ಮೇಲಿನ ಗುಂಡಿಗಳನ್ನು ಒತ್ತುವ ಬದಲು ಕಮಾಂಡ್‌ಗಳ ಸಾಲುಗಳನ್ನು, ಅಂದರೆ ಸ್ಕ್ರಿಪ್ಟನ್ನು, ಬರೆದು ಇದನ್ನು ರೂಪಿಸುವ ಪದ್ಧತಿ ಈ ಶತಮಾನದಲ್ಲಿ ಬೆಳೆದುಬಂದಿತು. ವೈರಸ್ ಹಿಡಿಯುವ ತಂತ್ರಾಂಶವೂ ಯಂತ್ರಗಳನ್ನು ದೂರದಿಂದಲೇ ನಿರ್ವಹಿಸುವ ತಂತ್ರಾಂಶವೂ ತಯಾರಾಗುವ ನಗರವಾದ್ದರಿಂದ ಚೆನ್ನೈಗೆ ಈ ಇತಿಹಾಸದಲ್ಲಿ ವಿಶೇಷ ಸ್ಥಾನವಿದೆ.

ಜೆ. ಕೇಶವರ್ಧನನ್ ಅವರು ಇಲ್ಲಿ ಆ್ಯಂಟಿವೈರಸ್ ತಯಾರಿಸುವ ಕೆ7 ಕಂಪ್ಯೂಟಿಂಗ್ ಸಂಸ್ಥೆಯನ್ನು ಸ್ಥಾಪಿಸಿದ್ದು 1991ರಲ್ಲಿ, ನಗರಕ್ಕಿನ್ನೂ ಮದ್ರಾಸ್ ಎಂಬ ಹೆಸರಿದ್ದಾಗ. ವೈರಸ್ ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿದ್ದ ಆ ಕಾಲದಲ್ಲಿ, ಡಾಸ್ ಯಂತ್ರ ಚಾಲೂ ಆದೊಡನೆ ತಾನಾಗಿ ನಡೆಯುವ ಆಟೊಎಕ್ಸೆಕ್ ಎಂಬ ಬ್ಯಾಚ್ ಕಡತದಲ್ಲಿ ತಪಾಸಣೆಯ ತಂತ್ರಾಂಶವನ್ನು ಕರೆಯುವ ಒಂದು ಸಾಲನ್ನು ಸೇರಿಸುವುದು ರೂಢಿಯಲ್ಲಿತ್ತು. ಸ್ಕ್ರಿಪ್ಟ್ ರೂಪದ ನೀತಿಯ ಮೊಳಕೆ ಅಲ್ಲಿದೆ ಎನ್ನಬಹುದಾದರೂ, ಯಂತ್ರದ ಮುಂದೆ ಕುಳಿತವರು ಯಾರು ಬೇಕಾದರೂ ಆ ಸಾಲನ್ನು ಅಳಿಸಬಹುದಾಗಿದ್ದುದರಿಂದ ಅದು ನೀತಿಗಿಂತ ಸಲಹೆಯಷ್ಟೇ ಆಗಿತ್ತು. ಕೆ7ನ ಎಂಜಿನ್ ಮುಂದೆ ಜಪಾನಿನ ಸೋರ್ಸ್‌ನೆಕ್ಸ್ಟ್ ಕಂಪನಿಯ ಆ್ಯಂಟಿವೈರಸ್‌ನೊಳಗೂ ಸೇರಿತು.

ನಿರ್ವಹಣೆಯ ಕಡೆಯ ಕಥೆ 1996ರಲ್ಲಿ ಅಡ್ವೆಂಟ್‌ನೆಟ್ ಎಂದು ಆರಂಭವಾಗಿ 2009ರಲ್ಲಿ ಜೋಹೋ ಎಂದು ಹೆಸರು ಬದಲಿಸಿಕೊಂಡ ಚೆನ್ನೈನ ಸಂಸ್ಥೆಯದು. ಅದರ ಮ್ಯಾನೇಜ್‌ಎಂಜಿನ್ ವಿಭಾಗದ ಡೆಸ್ಕ್‌ಟಾಪ್ ಸೆಂಟ್ರಲ್, ಈಗಿನ ಎಂಡ್‌ಪಾಯಿಂಟ್ ಸೆಂಟ್ರಲ್, ಪ್ರತಿ ಕಂಪ್ಯೂಟರಿನಲ್ಲೂ ಏಜೆಂಟ್ ಎಂಬ ಪುಟ್ಟ ತಂತ್ರಾಂಶವನ್ನು ಇರಿಸಿ, ಬ್ಯಾಚ್, ವಿಬಿಸ್ಕ್ರಿಪ್ಟ್ ಅಥವಾ ಪವರ್‌ಶೆಲ್‌ನಲ್ಲಿ ಬರೆದ ಸ್ಕ್ರಿಪ್ಟನ್ನು ಅದರ ಮೂಲಕ ಸಾವಿರಾರು ಯಂತ್ರಗಳಲ್ಲಿ ಓಡಿಸುತ್ತದೆ.

ಮೈಕ್ರೋಸಾಫ್ಟ್‌ನ ಜೆಫ್ರಿ ಸ್ನೋವರ್ 2002ರಲ್ಲಿ ಮೊನಾಡ್ ಎಂಬ ಹೆಸರಿನಲ್ಲಿ ಪ್ರತಿಪಾದಿಸಿದ ಪವರ್‌ಶೆಲ್ 2006ರಲ್ಲಿ ಬಿಡುಗಡೆಯಾಯಿತು. ಮೈಕ್ರೋಸಾಫ್ಟ್‌ನದೇ ಯಂತ್ರ ನಿರ್ವಹಣಾ ತಂತ್ರಾಂಶವಾದ ಕಾನ್ಫಿಗರೇಶನ್ ಮ್ಯಾನೇಜರ್ 2012ರ ಮೊದಲ ಸರ್ವಿಸ್ ಪ್ಯಾಕ್‌ನಿಂದೀಚೆಗೆ ನಿಗ್ರಹ ನೀತಿಯೂ ಪವರ್‌ಶೆಲ್ ಕಮಾಂಡ್‌ಗಳಿಗೆ ದಕ್ಕಿತು. ‘ನ್ಯೂ-ಸಿಎಂಆ್ಯಂಟಿಮಾಲ್‌ವೇರ್‌ಪಾಲಿಸಿ’ ಎಂಬ ಕಮಾಂಡ್‌ಗೆ ನೀತಿಯ ಹೆಸರನ್ನೂ, ನಿಗದಿತ ತಪಾಸಣೆ, ಸತತ ಕಾವಲು, ಹೊರಗಿಡುವಿಕೆ ಮುಂತಾದ ವಿಭಾಗಗಳಲ್ಲಿ ಬೇಕಾದವನ್ನೂ ಕೊಟ್ಟರೆ ಹೊಸ ನೀತಿ ಸಿದ್ಧವಾಗುತ್ತದೆ. ಹೆಸರಿಸದೆ ಬಿಟ್ಟ ವಿಭಾಗಗಳಿಗೆ ತಂತ್ರಾಂಶದಲ್ಲಿ ಮೊದಲೇ ಇರುವ ಮೂಲ ನೀತಿಯೇ ಅನ್ವಯಿಸುತ್ತದೆ. ಆದ್ಯತೆಯ ಅಂಕಿ ಚಿಕ್ಕದಾದಷ್ಟೂ ನೀತಿ ಪ್ರಬಲವಾಗುವುದರಿಂದ, 10,000ದ ಅಂಕಿ ಹೊತ್ತ ಮೂಲ ನೀತಿ ಎಲ್ಲಕ್ಕಿಂತ ಕೆಳಗೆ ಉಳಿಯುತ್ತದೆ.

ನೀತಿಯ ವಿಭಾಗಗಳಲ್ಲಿ ಅತಿ ಹೆಚ್ಚು ಎಚ್ಚರ ಬೇಡುವುದು ಹೊರಗಿಡುವಿಕೆಯ ವಿಭಾಗ. ದತ್ತಸಂಚಯದ ಎಂಡಿಎಫ್, ಎಲ್‌ಡಿಎಫ್ ಕಡತಗಳನ್ನು ಪದೇಪದೇ ತಪಾಸಣೆ ಮಾಡಿದರೆ ಸರ್ವರ್ ನಿಧಾನವಾಗುವುದರಿಂದ ಅವನ್ನು ಹೊರಗಿಡುವುದು ಸರಿಯೇ. ಆದರೆ ಅದೇ ಸಾಲಿನಲ್ಲಿ ಕಡತಗಳ ಬದಲು ಇಡೀ ‘ಸಿ’ ಡ್ರೈವ್ ನಮೂದಾದರೆ ತಪ್ಪು ಒಂದು ಯಂತ್ರಕ್ಕೆ ನಿಲ್ಲದೆ ಆ ನೀತಿ ತಲುಪುವ ಎಲ್ಲ ಯಂತ್ರಗಳಿಗೂ ಹರಡುತ್ತದೆ. ದಾಳಿಕೋರರಿಗೂ ಇದು ಗೊತ್ತಿರುವುದರಿಂದಲೇ ಹಲವು ಕುತಂತ್ರಾಂಶಗಳು ಮೊದಲು ಪವರ್‌ಶೆಲ್‌ನಿಂದ ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಹೊರಗಿಡುವ ಪಟ್ಟಿಗೆ ತಮ್ಮನ್ನೇ ಸೇರಿಸಿಕೊಳ್ಳುತ್ತವೆ.

ನಿರ್ವಹಣಾ ಸರ್ವರೇ ಗುರಿಯಾದ ಉದಾಹರಣೆಗೂ ಚೆನ್ನೈನ ತಂತ್ರಾಂಶವೇ ಒದಗಿತು. 2020ರ ಮಾರ್ಚ್‌ನಲ್ಲಿ ಡೆಸ್ಕ್‌ಟಾಪ್ ಸೆಂಟ್ರಲ್‌ನ ದೋಷವೊಂದು ಬಹಿರಂಗವಾದ ಕೆಲವೇ ದಿನಗಳಲ್ಲಿ ಎಪಿಟಿ41 ಎಂಬ ದಾಳಿಕೋರ ಗುಂಪು ಅದನ್ನು ಬಳಸಿಕೊಂಡಿತು. 2021ರ ಡಿಸೆಂಬರ್‌ನಲ್ಲಿ ಇನ್ನೊಂದು ದೋಷದ ಬಗ್ಗೆ ಅಮೆರಿಕದ ಎಫ್‌ಬಿಐ ಎಚ್ಚರಿಸಿತು. ಎರಡಕ್ಕೂ ಸಂಸ್ಥೆ ದುರಸ್ತಿ ಬಿಡುಗಡೆ ಮಾಡಿತಾದರೂ, ಸಾವಿರಾರು ಯಂತ್ರಗಳಿಗೆ ಆಜ್ಞೆ ಕೊಡಬಲ್ಲ ಸರ್ವರನ್ನು ಅಂತರಜಾಲಕ್ಕೆ ತೆರೆದಿಡುವ ರೂಢಿಯ ಅಪಾಯ ಇವುಗಳಿಂದ ಎದ್ದುಕಂಡಿತು. ಇದಕ್ಕೂ ಮೊದಲು ತಮಿಳುನಾಡಿನಲ್ಲೇ, ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಆಡಳಿತ ಜಾಲದ ಕಂಪ್ಯೂಟರೊಂದಕ್ಕೆ ಕುತಂತ್ರಾಂಶ ತಗುಲಿದ್ದನ್ನು ಅಣುವಿದ್ಯುತ್ ನಿಗಮ 2019ರ ಅಕ್ಟೋಬರ್ 30ರಂದು ಒಪ್ಪಿಕೊಂಡಿತ್ತು. ಸ್ಥಾವರದ ನಿಯಂತ್ರಣ ವ್ಯವಸ್ಥೆಗೆ ಧಕ್ಕೆಯಾಗಿಲ್ಲ ಎಂದೂ ತಿಳಿಸಿತ್ತು.

ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಯ್ದಿರಿಸಬೇಕು.