ಪಠ್ಯಸಂಕೇತದಿಂದ ಮುದ್ರಣಕ್ಕೆ: ಒಂದು ಚಾರಿತ್ರಿಕ ಅವಲೋಕನ

ಮುದ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯಲಾಗಿದೆ. ಗಣಕಯುಗದಲ್ಲಾದರೋ ಯಂತ್ರಗಳು ಅಳಿದವು, ಪಠ್ಯದೊಳಗಿನ ಸಂಕೇತಗಳು ಉಳಿದವು.

1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ತಮ್ಮ ಸಂಶೋಧನ ಪ್ರಸ್ತಾವವನ್ನು ಸಿದ್ಧಪಡಿಸಲು ‘ರನಾಫ್’ ತಂತ್ರಾಂಶವನ್ನು ರಚಿಸಿದರು. ಅದರಲ್ಲಿ ಚುಕ್ಕೆಯಿಂದ ಆರಂಭವಾಗುವ ಸಾಲು ಆದೇಶ, ಮಿಕ್ಕದ್ದೆಲ್ಲ ಪಠ್ಯ. ಬೆಲ್ ಪ್ರಯೋಗಾಲಯದಲ್ಲಿ ಇದೇ ಕ್ರಮ ‘ರಾಫ್’ ಆಗಿ ಬೆಳೆಯಿತು. 1971ರಲ್ಲಿ ಅಲ್ಲಿನ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಅದನ್ನು ಬಳಸತೊಡಗಿದ್ದು ಯುನಿಕ್ಸ್ ಯೋಜನೆಗೂ ಆಸರೆಯಾಯಿತು.

1973ರಲ್ಲಿ ಜೋ ಒಸ್ಸಾನ ರೂಪಿಸಿದ ‘ಟಿರಾಫ್’ ಕ್ಯಾಟ್ ಎಂಬ ಒಂದೇ ಛಾಯಾಕ್ಷರ ಜೋಡಣೆಯಂತ್ರಕ್ಕೆ ಕಟ್ಟುಬಿದ್ದಿತ್ತು. 1977ರಲ್ಲಿ ಒಸ್ಸಾನ ನಿಧನರಾದರು. ಆ ಯಂತ್ರ ಮೂಲೆಗೆ ಸೇರಿದರೆ ದಾಖಲೆಗಳ ಗತಿಯೇನೆಂಬ ಪ್ರಶ್ನೆಗೆ ಉತ್ತರವಾಗಿ, 1979ರಲ್ಲಿ ಬ್ರಯಾನ್ ಕರ್ನಿಹಾನ್ ಅದನ್ನು ಯಾವ ಯಂತ್ರಕ್ಕೂ ಹೊಂದುವಂತೆ ಪರಿಷ್ಕರಿಸಲು ಕೈಹಾಕಿದರು. ಸಂಕೇತಗಳು ಬದಲಾಗಲಿಲ್ಲ, ಅವುಗಳನ್ನು ಅರ್ಥೈಸುವ ತಂತ್ರಾಂಶವಷ್ಟೇ ಬದಲಾಯಿತು.

2004ರ ‘ಮಾರ್ಕ್‌ಡೌನ್’ ಸಂಕೇತಗಳನ್ನು ಇನ್ನಷ್ಟು ಹಗುರಗೊಳಿಸಿತು. ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಹೊರತಂದ ‘ಪ್ಯಾನ್‌ಡಾಕ್’ ಅಂತಹ ಪಠ್ಯವನ್ನು ಲೇಟೆಕ್ ಮೂಲಕ ಮುದ್ರಣಪುಟವಾಗಿಸುವ ದಾರಿ ತೆರೆಯಿತು.

ಒಂದೊಂದು ಅಕ್ಷರವಿನ್ಯಾಸಕ್ಕೇ ಕಟ್ಟುಬಿದ್ದ ಹಳೆಯ ಕನ್ನಡ ಕಡತಗಳು ಆ ವಿನ್ಯಾಸವಿಲ್ಲದೆ ಓದಲಾಗದಂತಾದುದನ್ನು ನೆನೆದರೆ, ಈ ಚರಿತ್ರೆ ನಮಗೂ ಹೊರಗಿನದಲ್ಲ. ಪಠ್ಯವನ್ನು ಅದರ ರೂಪದಿಂದ ಬೇರ್ಪಡಿಸಿ ಕಾಪಿಡುವುದು ಗ್ರಂಥಭಂಡಾರಗಳ ಮೊದಲ ಹೊಣೆಯೆನ್ನಬೇಕು.