ಗರ್ಭಾವಸ್ಥೆಯ ‘ಹೈ ರಿಸ್ಕ್’ ವರದಿ ಮತ್ತು ಮುಂದಿನ ಪರೀಕ್ಷೆಯವರೆಗಿನ ಕಾಲ

ಗರ್ಭಿಣಿಯ ರಕ್ತದ ಅಂಶಗಳನ್ನೂ ಸ್ಕ್ಯಾನ್‌ನ ಅಳತೆಗಳನ್ನೂ ಕೂಡಿಸಿ ಲೆಕ್ಕ ಹಾಕಿದಾಗ, ಹೊಟ್ಟೆಯಲ್ಲಿರುವ ಮಗುವಿಗೆ ಕ್ರೋಮೋಸೋಮ್ ದೋಷವಿರುವ ಸಂಭವ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಪ್ರಯೋಗಾಲಯ ಆ ವರದಿಯ ಮೇಲೆ ‘ಹೈ ರಿಸ್ಕ್’ ಎಂದು ನಮೂದಿಸುತ್ತದೆ. ಈ ಮಾತು ಹೆಚ್ಚಾಗಿ ಡೌನ್ ಸಿಂಡ್ರೋಮ್‌ಗೆ (21ನೆಯ ಕ್ರೋಮೋಸೋಮ್ ಎರಡರ ಬದಲು ಮೂರು ಇರುವ ಸ್ಥಿತಿ) ಸಂಬಂಧಿಸಿರುತ್ತದೆ. 18 ಮತ್ತು 13ನೆಯ ಕ್ರೋಮೋಸೋಮ್‌ಗಳಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ. ಇದು ರೋಗನಿರ್ಣಯವಲ್ಲ, ಮುಂದಿನ ಪರೀಕ್ಷೆ ಯಾರಿಗೆ ಬೇಕೆಂದು ಜರಡಿ ಹಿಡಿಯುವ ಕ್ರಮ. ವರದಿ ಕೈಗೆ ಬಂದಾಗಿನಿಂದ ಖಚಿತ ಉತ್ತರ ಸಿಗುವವರೆಗೆ ಕೆಲವರಿಗೆ ಒಂದು ವಾರ ಸಾಕು, ಕೆಲವರಿಗೆ ಒಂದೂವರೆ ತಿಂಗಳೂ ಮೀರುತ್ತದೆ. ಆ ನಡುವಿನ ಕಾಲ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂಥ ದುಡಿಮೆಯ ಜಾಗದಲ್ಲಿ ಹೇಗಿರುತ್ತದೆ ಎಂಬುದು ಈ ಲೇಖನದ ಮುಖ್ಯ ವಿಷಯ.

ಸಂಖ್ಯೆಯ ಹುಟ್ಟು

1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯ ಲಕ್ಷಣಗಳನ್ನು ವಿವರಿಸಿದ. ಅದಕ್ಕೆ ಕಾರಣ ಹೆಚ್ಚುವರಿ ಕ್ರೋಮೋಸೋಮ್ ಎಂದು ಗೊತ್ತಾದದ್ದು 1959ರಲ್ಲಿ, ಪ್ಯಾರಿಸ್ಸಿನಲ್ಲಿ. ಬಹುಕಾಲ ತಾಯಿಯ ವಯಸ್ಸೊಂದೇ ಅಳತೆಗೋಲಾಗಿತ್ತು. 20ರ ವಯಸ್ಸಿನಲ್ಲಿ ಸುಮಾರು 1,500ಕ್ಕೆ ಒಂದರಷ್ಟಿರುವ ಸಂಭವ 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ 100ಕ್ಕೆ ಒಂದರ ಹತ್ತಿರ ಬರುತ್ತದೆ. 1990ರ ದಶಕದಲ್ಲಿ ಲಂಡನ್ನಿನ ಕಿಪ್ರೋಸ್ ನಿಕೊಲೈಡಿಸ್ ಮತ್ತು ಸಂಗಡಿಗರು ಭ್ರೂಣದ ಕತ್ತಿನ ಹಿಂಬದಿಯ ದ್ರವದ ದಪ್ಪವನ್ನು ಅಳೆಯುವ ಪದ್ಧತಿಯನ್ನು ಬೆಳೆಸಿದರು. ಇಂದು ‘ಎನ್‌ಟಿ ಸ್ಕ್ಯಾನ್’ ಎನ್ನುವುದು ಇದನ್ನೇ. 11 ವಾರದಿಂದ 13 ವಾರ 6 ದಿನದೊಳಗೆ ಈ ಸ್ಕ್ಯಾನನ್ನೂ ‘ಡಬಲ್ ಮಾರ್ಕರ್’ ರಕ್ತಪರೀಕ್ಷೆಯನ್ನೂ ಒಟ್ಟಿಗೆ ಮಾಡಿದರೆ ಡೌನ್ ಸಿಂಡ್ರೋಮ್ ಇರುವ ಗರ್ಭಗಳಲ್ಲಿ 100ಕ್ಕೆ 85ರಿಂದ 90 ಸಿಕ್ಕಿಬೀಳುತ್ತವೆ. ಆ ಅವಧಿ ತಪ್ಪಿದವರಿಗೆ 15ರಿಂದ 20 ವಾರದೊಳಗಿನ ‘ಕ್ವಾಡ್ರುಪಲ್ ಮಾರ್ಕರ್’ ಉಳಿಯುತ್ತದೆ. ಅದರ ಹಿಡಿತ ಸ್ವಲ್ಪ ಕಡಿಮೆ.

ಮಿತಿ ಸಾಮಾನ್ಯವಾಗಿ 250ಕ್ಕೆ ಒಂದು. ವರದಿಯಲ್ಲಿ 1:180 ಎಂದಿದ್ದರೆ ‘ಹೈ ರಿಸ್ಕ್’ ಎಂದು ಕೆಂಪಕ್ಷರ ಬೀಳುತ್ತದೆ. ಆದರೆ ಅದರ ಅರ್ಥ, ಇಂಥದೇ ಸಂಖ್ಯೆ ಬಂದ 180 ಗರ್ಭಿಣಿಯರಲ್ಲಿ 179 ಮಂದಿಯ ಮಕ್ಕಳಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ ಎಂದು. ಪರೀಕ್ಷೆ ಮಾಡಿಸಿಕೊಂಡ ಸಾವಿರ ಜನರಲ್ಲಿ ಸುಮಾರು 50 ಮಂದಿಗೆ ಹೈ ರಿಸ್ಕ್ ಬರುವಂತೆ ಮಿತಿಯನ್ನು ಇಟ್ಟಿರುತ್ತಾರೆ. ಅವರಲ್ಲಿ ನಿಜವಾಗಿ ದೋಷವಿರುವುದು ಬೆರಳೆಣಿಕೆಯ ಗರ್ಭಗಳಲ್ಲಿ. ಬಣ್ಣ ಹಾಕಿ ಮುದ್ರಿಸುವ ಈ ಪದ್ಧತಿ ಓದುವವರಿಗೆ ಉಪಕಾರ ಮಾಡಿದ್ದಕ್ಕಿಂತ ಗಾಬರಿ ಹುಟ್ಟಿಸಿದ್ದೇ ಹೆಚ್ಚು. ಲೆಕ್ಕಕ್ಕೆ ಕೊಟ್ಟ ಮಾಹಿತಿ ತಪ್ಪಿದ್ದರೂ ಉತ್ತರ ತಪ್ಪುತ್ತದೆ: ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದಿರುವುದು, ತೂಕವನ್ನು ಅಂದಾಜಿಗೆ ಬರೆದಿರುವುದು, ಅವಳಿ ಮಕ್ಕಳು, ಸಕ್ಕರೆ ಕಾಯಿಲೆ, ಐವಿಎಫ್ ಇವನ್ನು ತಿಳಿಸದಿರುವುದು. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ವರದಿಯ ಮೇಲ್ಭಾಗದಲ್ಲಿರುವ ವಯಸ್ಸು, ತೂಕ, ಗರ್ಭದ ವಾರಗಳನ್ನು ಸ್ಕ್ಯಾನ್‌ನೊಂದಿಗೆ ತಾಳೆ ನೋಡುವುದು.

ಬೇಲೂರಿನ ದಾರಿಯಲ್ಲಿ

ಈ ಬೇಲೂರು ಹೊಯ್ಸಳರ ಬೇಲೂರಲ್ಲ; ಧಾರವಾಡದಿಂದ ಬೆಳಗಾವಿಯತ್ತ ಹೋಗುವ ಹೆದ್ದಾರಿಗೆ ಹೊಂದಿಕೊಂಡ ಕೈಗಾರಿಕಾ ವಸಾಹತು. ಇಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ, ದುಡಿಯುವವರ ಮನೆಯ ಹೆಣ್ಣುಮಕ್ಕಳಿಗೆ ನಿಜವಾದ ತೊಡಕು ವಾರಗಳ ಲೆಕ್ಕದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸಿದಾಗ ರಕ್ತಹೀನತೆ, ರಕ್ತದ ಗುಂಪು, ಎಚ್‌ಐವಿ, ಮೂತ್ರ ಮೊದಲಾದ ಪರೀಕ್ಷೆಗಳು ನಡೆಯುತ್ತವೆ. ಡಬಲ್ ಮಾರ್ಕರ್ ಆ ನಿತ್ಯದ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಖಾಸಗಿ ದವಾಖಾನೆಗೆ ಹೋದವರಿಗೆ ಮಾತ್ರ ಅದನ್ನು ಬರೆದುಕೊಡುತ್ತಾರೆ. ಮೂರು ತಿಂಗಳು ತುಂಬುವವರೆಗೆ ಬಸಿರನ್ನು ಯಾರಿಗೂ ಹೇಳಬಾರದೆಂಬ ರೂಢಿಯೂ ಸೇರಿಕೊಂಡು 13 ವಾರದ ಗಡಿ ಎಷ್ಟೋ ಮನೆಗಳಲ್ಲಿ ಗೊತ್ತಾಗದೆ ದಾಟುತ್ತದೆ. ಚೊಚ್ಚಲ ಬಸುರಿ ತವರಿಗೆ ಹೋದಳೆಂದರೆ ಒಂದು ಊರಿನಲ್ಲಿ ಮಾಡಿಸಿದ ಸ್ಕ್ಯಾನ್ ಇನ್ನೊಂದು ಊರಿನ ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ. ಎಲ್ಲ ಕಾಗದಗಳೂ ಒಂದೇ ಫೈಲಿನಲ್ಲಿರಬೇಕು, ಮೊಬೈಲಿನಲ್ಲಿ ಅವುಗಳ ಫೋಟೊ ಇರಬೇಕು.

ದೊಡ್ಡ ಆಸ್ಪತ್ರೆಗಳು ಹುಬ್ಬಳ್ಳಿ-ಧಾರವಾಡ ಅವಳಿ ನಗರದೊಳಗೇ ಇವೆ: ಹುಬ್ಬಳ್ಳಿಯಲ್ಲಿ ಜನ ಇಂದಿಗೂ ಕಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ಧಾರವಾಡದಲ್ಲಿ ಜಿಲ್ಲಾಸ್ಪತ್ರೆ, ಎರಡರ ನಡುವೆ ಸತ್ತೂರಿನಲ್ಲಿ ಎಸ್‌ಡಿಎಂ. ವಂಶವಾಹಿ ತಜ್ಞರ ಸಲಹೆ ಬೇಕಾದಾಗ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇವೆ.

ಎರಡು ದಾರಿಗಳು

ಹೈ ರಿಸ್ಕ್ ಬಂದ ಮೇಲೆ ವೈದ್ಯರು ಎರಡು ದಾರಿಗಳನ್ನು ಮುಂದಿಡುತ್ತಾರೆ. ಒಂದು ಎನ್‌ಐಪಿಟಿ. ತಾಯಿಯ ರಕ್ತದಲ್ಲಿ ಗರ್ಭಕ್ಕೆ ಸೇರಿದ ಡಿಎನ್‌ಎ ತುಣುಕುಗಳು ತೇಲುತ್ತವೆಂದು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. 2011ರಿಂದ ಅದು ಪರೀಕ್ಷೆಯಾಗಿ ಮಾರುಕಟ್ಟೆಗೆ ಬಂತು. 10 ವಾರ ತುಂಬಿದ ಮೇಲೆ ಕೈಯಿಂದ ರಕ್ತ ತೆಗೆದರೆ ಸಾಕು, ಮಗುವಿಗೆ ಅಪಾಯವಿಲ್ಲ. ಡೌನ್ ಸಿಂಡ್ರೋಮನ್ನು ಇದು 100ಕ್ಕೆ 99ರಷ್ಟು ಗುರುತಿಸುತ್ತದೆ. ಆದರೆ ಆ ಡಿಎನ್‌ಎ ಬರುವುದು ಮಾಸಿನಿಂದ (ಪ್ಲಾಸೆಂಟಾ). ಮಾಸಿನಲ್ಲಿರುವುದು ಮಗುವಿನಲ್ಲಿ ಇರಲೇಬೇಕೆಂದಿಲ್ಲ. ಆದ್ದರಿಂದ ಎನ್‌ಐಪಿಟಿಯೂ ಜರಡಿಯೇ. ಅದರಲ್ಲಿ ‘ಪಾಸಿಟಿವ್’ ಬಂದರೂ ಅಷ್ಟರಿಂದಲೇ ಗರ್ಭಪಾತಕ್ಕೆ ಹೊರಡುವುದು ತಪ್ಪು. ಖರ್ಚು ಹತ್ತು ಸಾವಿರ ರೂಪಾಯಿ ದಾಟುವುದು ಸಾಮಾನ್ಯ, ಉತ್ತರಕ್ಕೆ ಒಂದೆರಡು ವಾರ.

ಇನ್ನೊಂದು, ಖಚಿತ ಉತ್ತರ ಕೊಡುವ ಪರೀಕ್ಷೆ. 11ರಿಂದ 13 ವಾರದಲ್ಲಾದರೆ ಮಾಸಿನ ಚೂರು ತೆಗೆಯುವ ಸಿವಿಎಸ್, 15 ವಾರ ಕಳೆದ ಮೇಲಾದರೆ ಆಮ್ನಿಯೊಸೆಂಟೆಸಿಸ್. ಎರಡನೆಯದರಲ್ಲಿ ಸ್ಕ್ಯಾನ್ ನೋಡುತ್ತಲೇ ಹೊಟ್ಟೆಯ ಮೂಲಕ ತೆಳು ಸೂಜಿ ಹಾಕಿ 15–20 ಮಿಲಿಲೀಟರ್ ಗರ್ಭಜಲ ತೆಗೆಯುತ್ತಾರೆ. ಪಳಗಿದ ಕೈಯಲ್ಲಿ ಇದರಿಂದಲೇ ಗರ್ಭ ಹೋಗುವ ಅಪಾಯ 200ಕ್ಕೆ ಒಂದಕ್ಕಿಂತಲೂ ಕಡಿಮೆ. ತಾಯಿಯ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಚುಚ್ಚುಮದ್ದು ಬೇಕಾಗುತ್ತದೆ. ಕ್ಷಿಪ್ರ ಪರೀಕ್ಷೆ ಎರಡು ಮೂರು ದಿನಗಳಲ್ಲಿ ಮುಖ್ಯ ಕ್ರೋಮೋಸೋಮ್‌ಗಳ ಸುದ್ದಿ ಕೊಡುತ್ತದೆ; ಎಲ್ಲ ಕ್ರೋಮೋಸೋಮ್‌ಗಳನ್ನೂ ನೋಡುವ ಪೂರ್ಣ ಕ್ಯಾರಿಯೋಟೈಪ್‌ಗೆ ಎರಡು ಮೂರು ವಾರ. ಎನ್‌ಟಿ 3.5 ಮಿಲಿಮೀಟರ್ ಅಥವಾ ಅದಕ್ಕೂ ಹೆಚ್ಚಿದ್ದರೆ ಎನ್‌ಐಪಿಟಿಯಲ್ಲಿ ಕಾಲ ಕಳೆಯದೆ ನೇರ ಈ ಪರೀಕ್ಷೆಗೆ ಹೋಗುವುದೇ ಒಳಿತು, ಜೊತೆಗೆ ಮಗುವಿನ ಹೃದಯದ ಸ್ಕ್ಯಾನ್ ಕೂಡ.

ಕಾಯುವ ದಿನಗಳು

ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ಕಾಟ್ಜ್ ರಾತ್‌ಮನ್ 1986ರಲ್ಲೇ ತಮ್ಮ ಪುಸ್ತಕವೊಂದರಲ್ಲಿ, ಪರೀಕ್ಷೆಯ ಉತ್ತರ ಬರುವವರೆಗೆ ಹೆಂಗಸರು ತಮ್ಮ ಬಸಿರನ್ನು ತಮ್ಮದೆಂದು ಒಪ್ಪಿಕೊಳ್ಳಲು ಹಿಂಜರಿಯುತ್ತಾರೆಂದು ಗುರುತಿಸಿದ್ದರು. ಉತ್ತರ ಕರ್ನಾಟಕದಲ್ಲಿ ಈ ಹಿಂಜರಿಕೆಗೆ ಅಡ್ಡ ಬರುವುದು ಕುಬಸ (ಸೀಮಂತ). ಐದು ತಿಂಗಳ ಕುಬಸಕ್ಕೆ ತವರಿನವರು ಹಸಿರು ಸೀರೆ, ಬಳೆ ತರುವ ಹೊತ್ತೂ ಆಮ್ನಿಯೊ ವರದಿಗೆ ಕಾಯುವ ಹೊತ್ತೂ ಹೆಚ್ಚು ಕಡಿಮೆ ಒಂದೇ. ದಿನ ಗೊತ್ತುಮಾಡಿರೆಂದು ಬೀಗರು ಕೇಳುತ್ತಾರೆ, ಗಂಡ ಹೆಂಡತಿ ಕಾರಣ ಹೇಳಲಾರದೆ ಮುಂದೂಡುತ್ತಾರೆ. ಏಳನೆಯ ತಿಂಗಳಿಗೂ ಕುಬಸ ಮಾಡುವ ಪದ್ಧತಿ ಇರುವುದರಿಂದ ‘ಏಳರಾಗ ಮಾಡೋಣು’ ಎಂದುಬಿಡುವುದು ಸುಲಭದ ದಾರಿ. ಮನೆಯ ಒಬ್ಬ ಹಿರಿಯರಿಗಾದರೂ, ಅತ್ತೆಗೋ ಅಕ್ಕನಿಗೋ, ಸಂಗತಿ ಗೊತ್ತಿದ್ದರೆ ಉಳಿದವರ ಪ್ರಶ್ನೆಗಳನ್ನು ಅವರೇ ತಡೆಯುತ್ತಾರೆ.

ತಪ್ಪು ಹೊರಿಸುವ ಮಾತು ಬೇಗ ಹುಟ್ಟುತ್ತದೆ. ‘ನಮ್ಮ ಮನಿತನದಾಗ ಇಂಥಾದ್ದು ಇದ್ದಿದ್ದಿಲ್ಲ’ ಎಂಬ ಒಂದು ಸೊಲ್ಲು ಸಾಕು. ಗ್ರಹಣ ನೋಡಿದ್ದು, ಪಪ್ಪಾಯಿ ತಿಂದದ್ದು, ಯಂತ್ರದ ಮುಂದೆ ನಿಂತು ದುಡಿದದ್ದು ಇದಕ್ಕೆ ಕಾರಣವಲ್ಲ. ಡೌನ್ ಸಿಂಡ್ರೋಮ್ 100ಕ್ಕೆ ಸುಮಾರು 95ರಷ್ಟು ಪ್ರಸಂಗಗಳಲ್ಲಿ ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಕ್ರೋಮೋಸೋಮ್ ಬೇರ್ಪಡದೆ ಉಳಿಯುವುದರಿಂದ ಬರುತ್ತದೆ, ವಂಶದಿಂದಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದದ್ದರ ಮೇಲೂ ಇದನ್ನು ಹಾಕಬಾರದು. ಅಲನ್ ಬಿಟ್ಲ್ಸ್ ಮತ್ತು ಎನ್. ಅಪ್ಪಾಜಿ ರಾವ್ ಅವರ ಅಧ್ಯಯನಗಳು 1980ರ ದಶಕದ ಕರ್ನಾಟಕದಲ್ಲಿ ಮೂರನೇ ಒಂದರಷ್ಟು ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತಿದ್ದುದನ್ನು ತೋರಿಸಿವೆ. ಅದರಿಂದ ಹೆಚ್ಚುವುದು ಅಪ್ಪ ಅಮ್ಮ ಇಬ್ಬರಿಂದಲೂ ಬರಬೇಕಾದ ಬೇರೆ ಬಗೆಯ ವಂಶವಾಹಿ ಕಾಯಿಲೆಗಳು.

ನಿದ್ದೆ ಕೆಟ್ಟು ಊಟ ಬಿಟ್ಟಾಗ ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿ ಸಿಗುತ್ತದೆ. ಎದುರು ಕೂತು ಮಾತಾಡಬೇಕೆನ್ನುವವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಕೆಲಸಕ್ಕೆ ಹೋಗುವುದು ಕೆಲವರಿಗೆ ಮನಸ್ಸಿಗೆ ಆಸರೆ, ಕೆಲವರಿಗೆ ಹಿಂಸೆ. ತಿಂಗಳಿಗೆ 21,000 ರೂಪಾಯಿಯೊಳಗಿನ ವೇತನದ ಕಾರ್ಮಿಕರು, ಗುತ್ತಿಗೆಯವರೂ ಸೇರಿ, ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. 26 ವಾರದ ಹೆರಿಗೆ ರಜೆಯಲ್ಲದೆ ಬಸಿರಿನಿಂದಾದ ಅಸ್ವಸ್ಥತೆಗೆ ಇನ್ನೊಂದು ತಿಂಗಳು, ಗರ್ಭ ಹೋದರೆ ಆರು ವಾರ ಸಂಬಳ ಸಹಿತ ರಜೆ ಅದರಲ್ಲಿ ಉಂಟು. ಆಮ್ನಿಯೊ ಆದ ಮೇಲೆ ಒಂದೆರಡು ದಿನ ಭಾರ ಎತ್ತದಿರುವುದು ಸಾಕು, ತಿಂಗಳುಗಟ್ಟಲೆ ಮಲಗಬೇಕಿಲ್ಲ.

ಕಾನೂನು

1994ರ ಪಿಎನ್‌ಡಿಟಿ (ಪ್ರಸವಪೂರ್ವ ರೋಗನಿರ್ಣಯ ತಂತ್ರಗಳ) ಕಾಯ್ದೆಯಂತೆ ಸಿವಿಎಸ್, ಆಮ್ನಿಯೊದಂಥ ಪರೀಕ್ಷೆಗಳಿಗೆ ಗರ್ಭಿಣಿಯ ಲಿಖಿತ ಒಪ್ಪಿಗೆ ಆಕೆಗೆ ತಿಳಿಯುವ ಭಾಷೆಯಲ್ಲಿರಬೇಕು. ಮಗು ಗಂಡೋ ಹೆಣ್ಣೋ ಎಂಬುದನ್ನು ಯಾವ ವರದಿಯೂ ಹೇಳುವಂತಿಲ್ಲ. 2021ರ ತಿದ್ದುಪಡಿಯ ನಂತರ ವೈದ್ಯಕೀಯ ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ, ಕಾನೂನು ಗೊತ್ತುಪಡಿಸಿದ ಸಂದರ್ಭಗಳಲ್ಲಿ 24ರವರೆಗೆ ಇಬ್ಬರ ಅಭಿಪ್ರಾಯ ಸಾಕು. ಗಂಭೀರ ದೋಷ ಖಚಿತವಾದಲ್ಲಿ 24 ದಾಟಿದ ಮೇಲೂ ವೈದ್ಯಕೀಯ ಮಂಡಳಿ ಅನುಮತಿಸಬಹುದು. ಮಂಡಳಿ ಮೂರು ದಿನದೊಳಗೆ ಉತ್ತರ ಕೊಡಬೇಕು. ಸಹಿ ವಯಸ್ಕ ಹೆಂಗಸಿನದೇ, ಗಂಡನ ಸಹಿ ಕಡ್ಡಾಯವಲ್ಲ. ವಿವಾದವಾದರೆ ಮೆಟ್ಟಿಲು ಹತ್ತಬೇಕಾದ ಹೈಕೋರ್ಟಿನ ಧಾರವಾಡ ಪೀಠ ಬೇಲೂರು ಕೈಗಾರಿಕಾ ಪ್ರದೇಶದ ಹಾದಿಯಲ್ಲೇ ಇದೆ.

ಉತ್ತರ ಬಂದ ಮೇಲೆ

ಹೆಚ್ಚಿನವರಿಗೆ ‘ನಾರ್ಮಲ್’ ಎಂದೇ ಬರುತ್ತದೆ. ಆದರೂ ಡಬಲ್ ಮಾರ್ಕರ್‌ನಲ್ಲಿ ಪ್ಯಾಪ್-ಎ ಎಂಬ ಅಂಶ ಬಹಳ ಕಡಿಮೆಯಿದ್ದವರಿಗೆ ರಕ್ತದೊತ್ತಡ ಏರುವ, ಮಗುವಿನ ಬೆಳವಣಿಗೆ ಕುಂಠಿತವಾಗುವ ಸಂಭವ ಇರುವುದರಿಂದ ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆಯ ಸ್ಕ್ಯಾನ್ ತಪ್ಪಿಸಬಾರದು. ಡೌನ್ ಸಿಂಡ್ರೋಮ್ ಖಚಿತವಾಗಿಯೂ ಬಸಿರನ್ನು ಮುಂದುವರಿಸುವವರು ಮಗುವಿನ ಹೃದಯದ ಸ್ಕ್ಯಾನ್ ಮಾಡಿಸುವುದು ಅಗತ್ಯ, ಏಕೆಂದರೆ ಇಂಥ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಹೃದಯದ ತೊಂದರೆ ಇರುತ್ತದೆ. ಹೆರಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವಲ್ಲಿ ಆಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಹೃದಯ ಚಿಕಿತ್ಸೆ, ಫಿಸಿಯೋಥೆರಪಿ, ಮಾತಿನ ತರಬೇತಿಗೆ ಮಗು ಹುಟ್ಟಿದ ಕೂಡಲೇ ಅದರಡಿ ಹೆಸರು ಬರೆಸಬಹುದು.