ನಾಗಾವಿಯ ಘಟಿಕಾಸ್ಥಾನ ಮತ್ತು ವಿದ್ಯಾಲಯಗಳ ಆಡಳಿತ ಧರ್ಮ

ವಿದ್ಯೆಯು ಗುರುಮುಖದಿಂದ ಶಿಷ್ಯನಿಗೆ ಬರತಕ್ಕದ್ದು ಎಂಬುದು ನಮ್ಮ ಪರಂಪರೆಯ ನಂಬುಗೆ. ಆದರೆ ಗುರುಶಿಷ್ಯರಿಬ್ಬರೂ ನಿಶ್ಚಿಂತೆಯಿಂದ ಒಂದೆಡೆ ಕುಳಿತುಕೊಳ್ಳಬೇಕಾದರೆ ಗುರುವಿಗೆ ಜೀವಿತ, ಶಿಷ್ಯನಿಗೆ ಅನ್ನವಸತಿ, ಇಬ್ಬರಿಗೂ ಗ್ರಂಥ ಮತ್ತು ದೀಪ ಇಷ್ಟಾದರೂ ಒದಗಬೇಕು. ಇವನ್ನು ಒದಗಿಸುವ, ಒದಗಿಸದಿದ್ದಾಗ ಕೇಳುವ ಏರ್ಪಾಡಿಗೇ ಇಂದು ಆಡಳಿತವೆಂದು ಹೆಸರು. ಸಿಂಡಿಕೇಟು, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿ ಮುಂತಾದ ಮಾತುಗಳನ್ನು ಕೇಳಿದೊಡನೆ ಇವೆಲ್ಲ ಪಶ್ಚಿಮದಿಂದ ಬಂದ ಹೊಸ ಸರಕು ಎಂದು ಭಾವಿಸುವವರೇ ಹೆಚ್ಚು. ಹೆಸರುಗಳು ಹೊಸವಿರಬಹುದು, ಅವುಗಳ ಮುಂದಿರುವ ಪ್ರಶ್ನೆಗಳು ಮಾತ್ರ ಈ ನೆಲದಲ್ಲಿಯೇ ಸಾವಿರ ವರ್ಷಗಳಷ್ಟು ಹಳೆಯವು. ಇದಕ್ಕೆ ಸಾಕ್ಷಿ ಹೇಳುವ ಊರು ನಮ್ಮ ನಾಗಾವಿ.

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮೊದಲಿಗೆ ದೊರೆಯುವ ದೊಡ್ಡ ಊರು ಚಿತ್ತಾಪುರ. ಅದೇ ದಾರಿಯಲ್ಲಿ ಮುಂದೆ ಸೇಡಂ ತಾಲೂಕಿನ ಮಳಖೇಡ, ಎಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕಾಗಿಣಾ ನದಿಯ ದಡದಲ್ಲಿದೆ. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ಕವಿರಾಜಮಾರ್ಗವು ಹುಟ್ಟಿದ್ದು ಒಂಬತ್ತನೆಯ ಶತಮಾನದಲ್ಲಿ, ಆ ಆಸ್ಥಾನದಲ್ಲಿ. ಚಿತ್ತಾಪುರಕ್ಕೆ ಅಂಟಿಕೊಂಡಂತೆಯೇ ಇರುವ ನಾಗಾವಿ ಇಂದು ಯಲ್ಲಮ್ಮನ ಗುಡಿಯಿಂದಲೂ, ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ಪ್ರಾಚೀನ ಕಟ್ಟಡದಿಂದಲೂ ಪರಿಚಿತವಾಗಿದೆ. ಸಿಮೆಂಟಿನ ಚಿಮಣಿಗಳೂ ಹಾಸುಗಲ್ಲಿನ ಗಣಿಗಳೂ ಕಾಣುವ ಈ ಸೀಮೆಯಲ್ಲಿ ಒಂದು ಕಾಲಕ್ಕೆ ನೂರಾರು ವಿದ್ಯಾರ್ಥಿಗಳು ಉಂಡು, ಮಲಗಿ, ಓದಿದರೆಂಬುದನ್ನು ದಾರಿಹೋಕರು ಊಹಿಸಲಾರರು.

ಊಹೆಗೆ ಎಡೆಯಿಲ್ಲದಂತೆ ಇದನ್ನು ತಿಳಿಸುವುದು ಕ್ರಿ. ಶ. 1058ರ ಶಾಸನ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ತ್ರೈಲೋಕ್ಯಮಲ್ಲ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ ದಂಡನಾಯಕ ಮಧುಸೂದನನು ಇಲ್ಲಿಯ ಘಟಿಕಾಶಾಲೆಗೆ ದತ್ತಿಯನ್ನು ಏರ್ಪಡಿಸಿದನು. ನಾಗಾವಿಯ ಶಾಸನಗಳನ್ನು ನಿಜಾಮರ ಸರಕಾರದ ಪುರಾತತ್ತ್ವ ಇಲಾಖೆಯು 1928ರಲ್ಲಿ ಪ್ರಕಟಿಸಿದ ಮೇಲೆ ವಿದ್ವಾಂಸರ ಗಮನ ಇತ್ತ ಹರಿಯಿತು. ವೇದಾಧ್ಯಯನಕ್ಕೆ 200 ಮಂದಿ, ಶಾಸ್ತ್ರಾಧ್ಯಯನಕ್ಕೆ ಸುಮಾರು ಐವತ್ತು ಮಂದಿ ವಿದ್ಯಾರ್ಥಿಗಳು. ಶಾಸ್ತ್ರಪಾಠಕ್ಕೆ ಭಟ್ಟದರ್ಶನ, ಪ್ರಭಾಕರದರ್ಶನ ಮತ್ತು ವ್ಯಾಕರಣದ ನ್ಯಾಸ ಇವುಗಳ ವ್ಯಾಖ್ಯಾತೃಗಳು. ಇವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು, ಎಂದರೆ ಗ್ರಂಥಪಾಲಕರು. ಹೀಗೆ ಅಲ್ಲಿಯ ವ್ಯವಸ್ಥೆ ನಿಯತವಾಗಿತ್ತು.

ಈ ವಿವರಗಳಲ್ಲಿ ಎರಡು ಸಂಗತಿಗಳು ವಿಶೇಷವಾಗಿ ವಿಚಾರಾರ್ಹವಾಗಿವೆ. ಮೊದಲನೆಯದು ಆರು ಮಂದಿ ಗ್ರಂಥಪಾಲಕರ ಸಂಗತಿ. ಓಲೆಗರಿಯ ಕಾಲದಲ್ಲಿ ಗ್ರಂಥಪಾಲಕನೆಂದರೆ ಬೀಗದ ಕೈಯನ್ನು ಇಟ್ಟುಕೊಂಡವನಲ್ಲ. ಗರಿಗಳಿಗೆ ಎಣ್ಣೆ ಸವರುವುದು, ಹುಳು ಹಿಡಿದುದನ್ನು ಪ್ರತಿಮಾಡುವುದು, ಪಾಠವನ್ನು ತಾಳೆ ನೋಡುವುದು ಇವೆಲ್ಲ ವಿದ್ವತ್ತನ್ನು ಬೇಡುವ ಕೆಲಸಗಳು. ಗ್ರಂಥಭಂಡಾರವನ್ನು ಅಧ್ಯಾಪನಕ್ಕೆ ಸಮನಾದ ಅಂಗವೆಂದು ಏರ್ಪಾಡು ಮಾಡಿದವರು ಭಾವಿಸಿದ್ದರೆಂಬುದು ಇದರಿಂದ ವಿದಿತವಾಗುತ್ತದೆ. ಎರಡನೆಯದು, ಪಠ್ಯಕ್ರಮ ಹಾಗೂ ನಿತ್ಯಜೀವನ ಇವೆರಡನ್ನೂ ಒಂದೇ ಶಾಸನವು ನಿರ್ವಹಿಸಿರುವುದು. ಯಾವ ದರ್ಶನವನ್ನು ಓದಿಸಬೇಕೆಂಬ ನಿರ್ಣಯವೂ, ಓದುವವನು ಹೇಗೆ ಬದುಕಬೇಕೆಂಬ ನಿರ್ಣಯವೂ ಬೇರೆ ಬೇರೆ ಕಡತಗಳಲ್ಲಿರಲಿಲ್ಲ. ಒಂದೇ ಕಲ್ಲಿನ ಮೇಲಿದ್ದುವು.

ಈ ಎರಡನೆಯ ಸಂಗತಿಯನ್ನು ಇನ್ನಷ್ಟು ಸ್ಪಷ್ಟಪಡಿಸುವುದು ಇಂಡಿ ತಾಲೂಕಿನ ಸಾಲೊಟಗಿಯ ಶಾಸನ. ಕ್ರಿ. ಶ. 945ರ ಈ ಶಾಸನದ ಪ್ರಕಾರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ಅವರ ಪೋಷಣೆಗೆ 500 ನಿವರ್ತನ ಭೂಮಿ, ಅಧ್ಯಾಪಕನಿಗೆ 50 ನಿವರ್ತನ, ದೀಪದೆಣ್ಣೆಗೆಂದೇ 12 ನಿವರ್ತನ. ಇಷ್ಟಕ್ಕೆ ನಿಲ್ಲದೆ, ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯ ಶಾಲೆಗೆ ಸಲ್ಲತಕ್ಕದ್ದೆಂದು ಕಟ್ಟಳೆಯಾಯಿತು. ಔತಣವಾದಾಗ ಶಕ್ತ್ಯನುಸಾರ ಗುರುಶಿಷ್ಯರಿಗೂ ಉಣಬಡಿಸಬೇಕೆಂದು ಗೊತ್ತುಮಾಡಲಾಯಿತು. ರಾಜಮಂತ್ರಿಯ ದಾನ ಎಷ್ಟೇ ದೊಡ್ಡದಿರಲಿ, ಊರು ತನ್ನ ಸಂತೋಷದ ದಿನಗಳಲ್ಲಿ ಶಾಲೆಯನ್ನು ನೆನೆಯದಿದ್ದರೆ ಅದು ಬಾಳದೆಂಬ ವಿವೇಕ ಇಲ್ಲಿದೆ. ಹಾಗೆಯೇ ಬಳ್ಳಿಗಾವೆಯ ಕಾಳಾಮುಖ ಶೈವರ ಕೋಡಿಯಮಠವನ್ನು ಕುರಿತ ಕ್ರಿ. ಶ. 1162ರ ಶಾಸನವು ವೇದ, ವ್ಯಾಕರಣ, ದರ್ಶನ, ಯೋಗ, ಪುರಾಣಗಳ ಪಾಠವನ್ನು ಹೇಳಿದ ಉಸಿರಿನಲ್ಲಿಯೇ ದೀನರಿಗೆ, ಕುರುಡರಿಗೆ, ಅಂಗವಿಕಲರಿಗೆ ಅನ್ನದಾನವನ್ನೂ ರೋಗಿಗಳಿಗೆ ಔಷಧದಾನವನ್ನೂ ಹೇಳುತ್ತದೆ.

ಇಷ್ಟನ್ನು ನೋಡಿ ಪ್ರಾಚೀನ ವ್ಯವಸ್ಥೆಯು ಸರ್ವಾಂಗಸುಂದರವಾಗಿತ್ತೆಂದು ಹೇಳುವುದು ಇತಿಹಾಸಕ್ಕೆ ಮಾಡುವ ಅಪಚಾರವಾಗುತ್ತದೆ. ಘಟಿಕೆಗಳ ಬಾಗಿಲು ತೆರೆದಿದ್ದುದು ಒಂದು ವರ್ಗದ ಗಂಡುಮಕ್ಕಳಿಗೆ ಮಾತ್ರ. ಇವುಗಳ ದತ್ತಿಶಾಸನಗಳು ದಾನಿಯನ್ನೂ ಗುರುವನ್ನೂ ಕೊಂಡಾಡುತ್ತವೆ. ವಿದ್ಯಾರ್ಥಿಯ ದೂರನ್ನು ಕೇಳುವವರು ಯಾರೆಂಬುದು ಅವುಗಳ ವಿಷಯವಲ್ಲ. ಈ ಸಂದರ್ಭದಲ್ಲಿ ತಾಳಗುಂದದ ಸ್ತಂಭಶಾಸನವು ಹೇಳುವ ಮಯೂರಶರ್ಮನ ವೃತ್ತಾಂತವು ಮನನೀಯವಾದುದು. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಯನ್ನು ಸೇರಿದ ಆ ತರುಣನಿಗೆ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಕಲಹವಾಯಿತು. ಅವಮಾನದಿಂದ ಕುದಿದು ದರ್ಭೆಯನ್ನು ಹಿಡಿದ ಕೈಯಿಂದ ಖಡ್ಗವನ್ನು ಹಿಡಿದನು. ಇದರಿಂದ ಕದಂಬ ರಾಜ್ಯವು ಹುಟ್ಟಿ ಕನ್ನಡಿಗರಿಗೆ ಲಾಭವೇ ಆಯಿತು. ಆದರೂ ವಿದ್ಯಾಲಯದ ದೃಷ್ಟಿಯಿಂದ ನೋಡಿದರೆ ಅದು ಒಬ್ಬ ವಿದ್ಯಾರ್ಥಿಯ ಅಹವಾಲು ಇತ್ಯರ್ಥವಾಗದೆ ಹೊರಗೆ ಸಿಡಿದ ಪ್ರಸಂಗ.

ನಾಗಾವಿಯ ದತ್ತಿಯಾಗಿ ಒಂದು ನೂರು ವರ್ಷ ತುಂಬುವ ಹೊತ್ತಿಗೆ, ಕೋಡಿಯಮಠದ ಶಾಸನದ ಕಾಲದಲ್ಲಿಯೇ, ಕಲ್ಯಾಣದಲ್ಲಿ ಬೇರೊಂದು ಬಗೆಯ ಗೋಷ್ಠಿ ಕೂಡಿತು. ಶೂನ್ಯಸಂಪಾದನೆಯ ಕೃತಿಗಳು ಚಿತ್ರಿಸುವ ಆ ಅನುಭವಗೋಷ್ಠಿಯಲ್ಲಿ ಕಾಯಕದ ಜನರೂ ಸ್ತ್ರೀಯರೂ ಪ್ರಶ್ನೆ ಕೇಳುತ್ತಾರೆ, ಪ್ರಶ್ನೆಗೊಳಗಾಗುತ್ತಾರೆ, ಉತ್ತರ ಹೇಳುತ್ತಾರೆ. ಅಕ್ಕಮಹಾದೇವಿಯಂಥವಳಿಗೂ ಪರೀಕ್ಷೆ ತಪ್ಪಲಿಲ್ಲ. ಅಲ್ಲಮನಂಥವನೂ ಉತ್ತರವನ್ನು ಕಿವಿಗೊಟ್ಟು ಕೇಳಿದನು. ಅದು ವಿಶ್ವವಿದ್ಯಾಲಯವಾಗಿರಲಿಲ್ಲ, ಅದನ್ನು ಹಾಗೆ ಕರೆಯುವ ಅಗತ್ಯವೂ ಇಲ್ಲ. ಆದರೆ ಘಟಿಕೆಗೆ ಇಲ್ಲದ ಒಂದು ಗುಣ, ಎಂದರೆ ಕೆಳಗೆ ಕುಳಿತವನ ಮಾತಿಗೂ ಸಭೆಯಲ್ಲಿ ಬೆಲೆಯುಂಟೆಂಬ ಭಾವ, ಅಲ್ಲಿ ಇತ್ತು. ಹೆಚ್ಚುಕಡಿಮೆ ಅದೇ ಶತಮಾನದಿಂದ ಇಟಲಿಯ ಬೊಲೋನ್ಯಾದಲ್ಲಿ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ತಮ್ಮ ಅಧಿಪತಿಯನ್ನು ಆರಿಸಿ, ಹೊತ್ತಿಗೆ ಸರಿಯಾಗಿ ಪಾಠ ಹೇಳದ ಉಪಾಧ್ಯಾಯರಿಗೆ ದಂಡ ಹಾಕುವವರೆಗೆ ಬೆಳೆದರು. ಪ್ಯಾರಿಸ್ಸಿನಲ್ಲಿಯಾದರೋ ಉಪಾಧ್ಯಾಯರ ಸಂಘವೇ ಪ್ರಬಲವಾಯಿತು. ದಾನಿ, ಗುರು, ಶಿಷ್ಯ ಇವರಲ್ಲಿ ಯಾರ ಮಾತು ನಡೆಯಬೇಕೆಂಬುದು ಎಲ್ಲ ದೇಶಗಳಲ್ಲಿಯೂ ಏಳುವ ಪ್ರಶ್ನೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ಈ ಭಾಗವು ನಿಜಾಮರ ಆಳ್ವಿಕೆಯಲ್ಲಿದ್ದಾಗ ಉಚ್ಚಶಿಕ್ಷಣಕ್ಕೆ ಇದ್ದ ಆಸರೆ 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಅದರ ಬೋಧನಾಮಾಧ್ಯಮ ಉರ್ದು. 1956ರ ಏಕೀಕರಣಾನಂತರ ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದುವು. ಭಾಷೆ ಹತ್ತಿರವಾಯಿತು, ದಾರಿ ಮಾತ್ರ ದೂರವಾಗಿಯೇ ಉಳಿಯಿತು. ಒಂದು ಅಂಕಪಟ್ಟಿಯ ತಪ್ಪನ್ನು ತಿದ್ದಿಸಬೇಕಾದರೂ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. 1970ರಲ್ಲಿ ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರವೂ, 1980ರಲ್ಲಿ ಸ್ವತಂತ್ರ ಗುಲಬರ್ಗಾ ವಿಶ್ವವಿದ್ಯಾಲಯವೂ ಬಂದಾಗ ಈ ದೂರ ಕಡಿಮೆಯಾಯಿತು. 2009ರ ಕಾಯಿದೆಯ ಮೇರೆಗೆ ಆಳಂದ ತಾಲೂಕಿನ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯವೂ ಬಂದಿತು. ಸಂವಿಧಾನದ 371(ಜೆ) ವಿಧಿಯು ಈ ಪ್ರದೇಶದ ಮಕ್ಕಳಿಗೆ ಪ್ರವೇಶದಲ್ಲಿ ಮೀಸಲಾತಿಯನ್ನು ಒದಗಿಸಿತು.

ರಾಜ್ಯದ ವಿಶ್ವವಿದ್ಯಾಲಯಗಳು ಮೊದಲು 1976ರ, ಆಮೇಲೆ 2000ದ ಕಾಯಿದೆಗೆ ಒಳಪಟ್ಟುವು. ಹಳೆಯ ಕಾಯಿದೆಯಲ್ಲಿದ್ದ ವಿಶಾಲವಾದ ಸೆನೆಟ್ ಸಭೆಯು ಹೊಸದರಲ್ಲಿ ಉಳಿಯಲಿಲ್ಲ. ಸಿಂಡಿಕೇಟು ಕಾರ್ಯನಿರ್ವಾಹಕ ಸಭೆ. ವಿದ್ಯಾವಿಷಯಕ ಪರಿಷತ್ತು ಪಠ್ಯ, ಪರೀಕ್ಷೆ, ಮಟ್ಟಗಳ ವಿಚಾರ ಮಾಡುವ ಸಭೆ. ಅಧ್ಯಯನ ಮಂಡಳಿಗಳು ಆಯಾ ವಿಷಯದ ಪಠ್ಯವನ್ನು ರೂಪಿಸುವಂಥವು. ಹಣಕಾಸು ಸಮಿತಿ ಲೆಕ್ಕ ನೋಡತಕ್ಕದ್ದು. ಇವು ಓದಿನ ಕಡೆಯವು. ವಿದ್ಯಾರ್ಥಿಯ ಬಾಳಿಗೆ ಸಂಬಂಧಿಸಿದ ಸಮಿತಿಗಳು ಮತ್ತೊಂದು ದಾರಿಯಿಂದ, ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳ ಮೂಲಕ ಬಂದುವು: ರ್‍ಯಾಗಿಂಗ್ ತಡೆಗೆ 2009ರ ನಿಯಮ, ಲೈಂಗಿಕ ಕಿರುಕುಳದ ವಿಚಾರಣೆಗೆ ಆಂತರಿಕ ದೂರು ಸಮಿತಿಯನ್ನು ವಿಧಿಸಿದ 2015ರ ನಿಯಮ, ವಿದ್ಯಾರ್ಥಿಗಳ ಅಹವಾಲುಗಳಿಗೆ 2023ರ ನಿಯಮ.

ಕೊನೆಯ ನಿಯಮವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಪಾಲಕರೂ ಅರಿತಿರತಕ್ಕದ್ದು. ಪ್ರವೇಶದ ಅನ್ಯಾಯ, ಪರೀಕ್ಷೆ ಅಥವಾ ಫಲಿತಾಂಶದ ವಿಳಂಬ, ವಿದ್ಯಾರ್ಥಿವೇತನದ ತೊಡಕು, ಪ್ರಮಾಣಪತ್ರಗಳನ್ನು ಹಿಂದಿರುಗಿಸದಿರುವುದು, ಜಾತಿಭೇದ ಇವೆಲ್ಲ ಅಹವಾಲಿನ ವ್ಯಾಪ್ತಿಗೆ ಬರುತ್ತವೆ. ಸಮಿತಿಯು ದೂರು ಬಂದ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ ಲೋಕಪಾಲನೆಂಬ ಸ್ವತಂತ್ರ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಸಮಿತಿಯಲ್ಲಿ ಮಹಿಳೆಯೊಬ್ಬರೂ, ಪರಿಶಿಷ್ಟ ಅಥವಾ ಹಿಂದುಳಿದ ವರ್ಗದವರೊಬ್ಬರೂ ಇರಲೇಬೇಕು. ಮಯೂರಶರ್ಮನ ಕಾಲಕ್ಕೆ ಇಂಥದೊಂದು ಬಾಗಿಲು ಇರಲಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಈ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿಯು ವಿಶೇಷ ಆಹ್ವಾನಿತ ಮಾತ್ರ. 2015ರ ನಿಯಮದಲ್ಲಾದರೋ, ಪ್ರಕರಣವು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸದಸ್ಯರಾಗಿಯೇ ಕೂಡುತ್ತಾರೆ. ಅತಿಥಿಯಾಗಿ ಕೂಡುವುದಕ್ಕೂ ಸದಸ್ಯನಾಗಿ ಕೂಡುವುದಕ್ಕೂ ಇರುವ ಅಂತರವನ್ನು ಕಲ್ಯಾಣದ ಗೋಷ್ಠಿಯನ್ನು ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಇದು ಬರಿಯ ತತ್ತ್ವವಿಚಾರವಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿಯೋ ಚಿಂಚೋಳಿಯ ಹೊಲದಲ್ಲಿಯೋ ದುಡಿಯುವವರ ಮನೆಯಿಂದ ಮೊದಲ ಬಾರಿಗೆ ಪದವಿಯ ಮೆಟ್ಟಿಲೇರಿದ ಹುಡುಗಿಗೆ ಫಲಿತಾಂಶವು ಮೂರು ತಿಂಗಳು ತಡವಾದರೆ ಅದು ಮೂರು ತಿಂಗಳ ನಷ್ಟವಾಗಿ ನಿಲ್ಲುವುದಿಲ್ಲ. ಮುಂದಿನ ಪ್ರವೇಶ ತಪ್ಪುತ್ತದೆ, ವರ್ಷ ಕಳೆಯುತ್ತದೆ, ಮನೆಯವರು ಓದು ಸಾಕೆನ್ನುತ್ತಾರೆ. ವಸತಿಗೃಹದ ನೀರು, ಗ್ರಂಥಾಲಯದ ಸಮಯ, ಸಂಜೆಯ ಬಸ್ಸು ಇವು ವಿದ್ಯಾವಿಷಯಕ ಪರಿಷತ್ತಿನ ಕಾರ್ಯಸೂಚಿಗೆ ಹೊರಗಿನವೆನಿಸಬಹುದು. ಅವಳ ವಿದ್ಯೆಗೆ ಹೊರಗಿನವಲ್ಲ. ಸಾಲೊಟಗಿಯ ಜನರು ದೀಪದೆಣ್ಣೆಗೆಂದು ಹೊಲವನ್ನು ಬೇರೆ ತೆಗೆದಿಟ್ಟುದು ಈ ತಿಳಿವಿನಿಂದಲೇ.

ಪ್ರಾಚೀನರಿಂದ ನಾವು ಕಲಿಯಬಹುದಾದ ಮತ್ತೊಂದು ಪಾಠವು ನಿರ್ಣಯದ ಬಹಿರಂಗತೆ. ನಾಗಾವಿಯಲ್ಲಿ ಯಾರಿಗೆ ಏನು ಸಲ್ಲಬೇಕೆಂಬುದನ್ನು ಕಲ್ಲಿನ ಮೇಲೆ ಕೊರೆದು ನಾಲ್ಕು ಜನ ಓಡಾಡುವಲ್ಲಿ ನಿಲ್ಲಿಸಿದರು. ಇಂಥ ಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಕೆಡಿಸಿದವನಿಗೆ ಪಾಪ, ಕಾಯ್ದವನಿಗೆ ಪುಣ್ಯ ಎಂದು ಬರೆಯುವುದು ವಾಡಿಕೆ. ಇಂದಿನ ಸಭೆಗಳ ನಡವಳಿಗಳು ಕಡತದಲ್ಲಿ ಭದ್ರವಾಗಿರುತ್ತವೆ. ಅವು ವಿದ್ಯಾರ್ಥಿಗೆ ತಿಳಿಯುವ ಕನ್ನಡದಲ್ಲಿ ಅವನ ಕಣ್ಣಿಗೆ ಬೀಳುವಂತೆ ಹೊರಬರುವುದು ಅಪರೂಪ. ಪ್ರತಿ ಸಭೆಯ ತೀರ್ಮಾನವನ್ನೂ, ಅದು ಜಾರಿಯಾಗಬೇಕಾದ ದಿನವನ್ನೂ, ಹೊಣೆಗಾರರ ಹುದ್ದೆಯನ್ನೂ ಗ್ರಂಥಾಲಯದ ಬಾಗಿಲಲ್ಲಿಯೂ ವಸತಿಗೃಹದ ಊಟದ ಮನೆಯಲ್ಲಿಯೂ ಕನ್ನಡದಲ್ಲಿ ತೂಗುಹಾಕಲಿ. ಇದಕ್ಕೆ ಹೊಸ ಕಾಯಿದೆ ಬೇಡ, ದೊಡ್ಡ ಹಣವೂ ಬೇಡ.

ಘಟಿಕೆಯಿಂದ ಅನ್ನ, ಗ್ರಂಥ, ದೀಪಗಳ ನಿಯತವಾದ ಏರ್ಪಾಡನ್ನೂ, ಕಲ್ಯಾಣದಿಂದ ಕಿರಿಯರ ಮಾತಿಗೆ ಕಿವಿಗೊಡುವ ಶೀಲವನ್ನೂ, ಇಂದಿನ ಕಾಯಿದೆಯಿಂದ ಎಲ್ಲರಿಗೂ ತೆರೆದ ಬಾಗಿಲನ್ನೂ ತೆಗೆದುಕೊಂಡು ಒಂದುಗೂಡಿಸಿದರೆ ನಮ್ಮ ವಿದ್ಯಾಲಯಗಳ ಆಡಳಿತವು ತನ್ನ ಹೆಸರಿಗೆ ತಕ್ಕುದಾಗುವುದು. ಚಿತ್ತಾಪುರಕ್ಕೆ ಹೋದ ವಿದ್ಯಾರ್ಥಿಗಳು ನಾಗಾವಿಯವರೆಗೂ ನಡೆದು ಆ ಕಂಬಗಳ ನಡುವೆ ಕ್ಷಣಹೊತ್ತು ನಿಂತು ಬರಲಿ. ಅಲ್ಲಿ ಓದಿದವರ ಹೆಸರುಗಳು ಉಳಿದಿಲ್ಲ; ಅವರು ಓದಲೆಂದು ಮಾಡಿದ ಏರ್ಪಾಡು ಮಾತ್ರ ಉಳಿದಿದೆ.